ಪದ್ಯಕ್ಕೆ ಧಾಟಿ ಕೊಟ್ಟವರು: ಮೈಸೂರು ಅನಂತಸ್ವಾಮಿ

 

ಕವಿಗಳ ಪರಿಚಯ ನಮ್ಮ ಪಾಠದ ಪುಸ್ತಕದಲ್ಲೇ ಇರುತ್ತೆ. ಅವರು ಹುಟ್ಟಿದ ಊರು, ಬರೆದ ಕೃತಿ, ಪಡೆದ ಪ್ರಶಸ್ತಿ ಎಲ್ಲವನ್ನೂ ಬಾಯಿಪಾಠ ಮಾಡ್ತೀವಿ. ಆದರೆ ಅವರ ಪದ್ಯವನ್ನು ನಾವು ಹಾಡೋ ಧಾಟಿ ಯಾರದು ಅಂತ ಯಾವ ಪರೀಕ್ಷೆಯಲ್ಲೂ ಕೇಳಲ್ಲ. ಅದಕ್ಕೇ ಈ ಸಲ ನಾನು ಒಬ್ಬ ಧಾಟಿ ಕಟ್ಟಿದವರ ಜೀವನ ಚರಿತ್ರೆ ಬರೆಯಲು ಆರಿಸಿಕೊಂಡೆ. ಅವರೇ ಮೈಸೂರು ಅನಂತಸ್ವಾಮಿ.

ಶ್ರೀಯುತರು ಹುಟ್ಟಿದ್ದು 1936ರ ಅಕ್ಟೋಬರ್ 25ರಂದು. ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದ ಚಿಕ್ಕರಾಮರಾಯರ ಮೊಮ್ಮಗ ಇವರು. ಅಂಥ ಮನೆಯ ಹುಡುಗ ಕಛೇರಿ ವಿದ್ವಾಂಸನಾಗಬಹುದಿತ್ತು. ಆದರೆ ಇವರು ಹಿಡಿದ ದಾರಿ ಬೇರೆ. ತಮ್ಮ ಕಾಲದ ಕವಿಗಳು ಬರೆದ ಪದ್ಯಗಳನ್ನು ತೆಗೆದುಕೊಂಡು, ಮುಂದೆ ಹಾರ್ಮೋನಿಯಂ ಇಟ್ಟುಕೊಂಡು, ರಾಗ ಕಟ್ಟಿ ಹಾಡತೊಡಗಿದರು. ಬೆಂಗಳೂರಿನಲ್ಲಿ ನೆಲೆಸಿ ಬಹಳ ಜನ ಶಿಷ್ಯರಿಗೂ ಕಲಿಸಿದರು. ಇದನ್ನೇ ಸುಗಮ ಸಂಗೀತ ಅಥವಾ ಭಾವಗೀತೆ ಗಾಯನ ಅಂತ ಕರೀತಾರೆ.

ಈ ದಾರಿಯಲ್ಲಿ ಅವರಿಗಿಂತ ಮೊದಲು ನಡೆದ ಹಿರಿಯರು ಪಿ. ಕಾಳಿಂಗರಾಯರು (1914-1981). ಉಡುಪಿ ಕಡೆಯ ಆರೂರಿನವರು. ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳನ್ನು ಊರೂರಿಗೆ ಮುಟ್ಟಿಸಿದ ಕಂಠ ಅವರದು.

ಹೊರದೇಶದಲ್ಲೂ ಈ ಕೆಲಸ ನಡೆದಿದೆ. ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ಫ್ರಾಂಜ್ ಶೂಬರ್ಟ್ (1797-1828) ಎಂಬುವರಿದ್ದರು. ಬದುಕಿದ್ದು 31 ವರ್ಷ ಮಾತ್ರ. ಅಷ್ಟರಲ್ಲೇ 600ಕ್ಕೂ ಹೆಚ್ಚು ಪದ್ಯಗಳಿಗೆ ಸಂಗೀತ ಕೂಡಿಸಿದರು. ಒಬ್ಬರು ಹಾಡೋದು, ಒಬ್ಬರು ಪಿಯಾನೋ ನುಡಿಸೋದು, ಅಷ್ಟೆ. ಒಂದು ಪದ್ಯದಲ್ಲಿ ಕುದುರೆ ಓಡಿದರೆ ಪಿಯಾನೋದಲ್ಲಿ ಅದರ ಗೊರಸಿನ ಸದ್ದು ಕೇಳಿಸುತ್ತಂತೆ. ಜರ್ಮನಿಯ ಮಹಾಕವಿ ಗಯಟೆ ಆಗ ಬದುಕಿದ್ದರು. ಅವರ ಪದ್ಯಗಳಿಗೆ ಶೂಬರ್ಟ್ ಮಾಡಿದ ಸಂಗೀತವನ್ನು 1816ರಲ್ಲಿ ಅವರಿಗೇ ಕಳಿಸಿದರು. ಒಂದು ಮಾತೂ ಇಲ್ಲದೆ ಅದು ವಾಪಸ್ ಬಂತು! ಧಾಟಿ ಕಟ್ಟುವವರಿಗೆ ಮನ್ನಣೆ ಸಿಗೋದು ಅಲ್ಲೂ ಕಷ್ಟವೇ ಇತ್ತು. ನಾನು ಪಿಯಾನೋ ನೋಡಿಲ್ಲ. ನಮ್ಮ ಕಡೆ ಆ ಜಾಗದಲ್ಲಿ ಹಾರ್ಮೋನಿಯಂ, ತಬಲ ಇವೆ.

ಅನಂತಸ್ವಾಮಿಯವರ ಅದೃಷ್ಟಕ್ಕೆ ಅವರ ಕಾಲದ ಕವಿಗಳು ಹಾಗೆ ಮಾಡಲಿಲ್ಲ. ಕವಿ ಕೆ.ಎಸ್. ನಿಸಾರ್ ಅಹಮದ್ ಅವರದೂ ಅದೇ 1936ನೇ ಇಸವಿಯ ಜನನ. ಇಬ್ಬರೂ ಸಮವಯಸ್ಕರು. ನಿಸಾರ್ ಅವರ ಪದ್ಯ, ಅನಂತಸ್ವಾಮಿಯವರ ಸಂಗೀತ ಸೇರಿ 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಹೊರಬಂತು. ಕನ್ನಡದ ಮೊದಲನೆಯ ಭಾವಗೀತೆ ಕ್ಯಾಸೆಟ್ ಅಂತ ಅದು ಹೆಸರಾಗಿದೆ. ಅದರ ಹೆಸರಿನ ಹಾಡಿನಲ್ಲಿ ನಮ್ಮ ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆಯೂ ಬರ್ತಾಳೆ. ಕ್ಯಾಸೆಟ್ ಅಂದರೆ ಈಗಿನ ಚಿಕ್ಕ ತರಗತಿಯವರಿಗೆ ಗೊತ್ತಾಗಲಿಕ್ಕಿಲ್ಲ. ಅಂಗೈಯಷ್ಟು ಡಬ್ಬಿ, ಒಳಗೆ ಕಂದು ಬಣ್ಣದ ತೆಳ್ಳನೆ ಪಟ್ಟಿ. ಅಜ್ಜಂಪುರದ ನಮ್ಮ ಅತ್ತೆ ಮನೆ ಅಟ್ಟದಲ್ಲಿ ಇನ್ನೂ ಒಂದು ಚೀಲ ಇವೆ. ಪುಸ್ತಕ ಓದೋಕೆ ಬಾರದ ಮುದುಕಿಯರೂ ಆಗ ಕವಿತೆ ಕಲಿತದ್ದು ಆ ಡಬ್ಬಿಗಳಿಂದ, ಭದ್ರಾವತಿ ಆಕಾಶವಾಣಿಯಿಂದ ಅಂತ ಅತ್ತೆ ಹೇಳ್ತಾರೆ.

ಪದ್ಯಕ್ಕೆ ಧಾಟಿ ಕಟ್ಟೋದು ಸುಲಭ ಅಂತ ನೀವು ತಿಳಿದಿರಬಹುದು. ಅದು ಹಾಗಲ್ಲ. ಶಾಸ್ತ್ರೀಯ ಕಛೇರಿಯಲ್ಲಿ ಒಂದೇ ಸಾಲನ್ನು ಹತ್ತು ರೀತಿ ತಿರುಗಿಸಿ ತಿರುಗಿಸಿ ಹಾಡಬಹುದು. ಕೇಳುವವರಿಗೆ ರಾಗದ ಸೊಗಸು ಸಿಕ್ಕರೆ ಸಾಕು. ಭಾವಗೀತೆಯಲ್ಲಿ ಹಾಗೆ ಮಾಡಿದರೆ ಪದ್ಯದ ಅರ್ಥ ಅಲ್ಲೇ ನಿಂತುಬಿಡುತ್ತೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪದದ ಮೇಲೆ ಭಾರ ಹಾಕಬೇಕು, ಎಲ್ಲ ನುಡಿಗೂ ಒಂದೇ ಧಾಟಿ ಸಾಕೋ, ದುಃಖದ ನುಡಿಗೆ ಬೇರೆ ಬೇಕೋ ಎಂದು ಯೋಚನೆ ಮಾಡಬೇಕು. ಪದವನ್ನು ತಪ್ಪಾದ ಜಾಗದಲ್ಲಿ ಒಡೆದರೆ ಅರ್ಥವೇ ಕೆಟ್ಟು ಹೋಗುತ್ತೆ. ಆದ್ದರಿಂದ ಧಾಟಿ ಕಟ್ಟುವವರು ಮೊದಲು ಒಳ್ಳೇ ಓದುಗರಾಗಿರಬೇಕು ಅಂತ ನನ್ನ ಅಭಿಪ್ರಾಯ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಮ್ಮ ನಾಡಗೀತೆ ಕುವೆಂಪು ಅವರ ರಚನೆ ಅಂತ ಎಲ್ಲರಿಗೂ ಗೊತ್ತು. ಅವರು 1904ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಆಗ ಈ ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಆ ಪದ್ಯವನ್ನು ಸರ್ಕಾರ ನಾಡಗೀತೆ ಎಂದು ಘೋಷಿಸಿದ್ದು 2004ರಲ್ಲಿ. ಆದರೆ ಯಾವ ಧಾಟಿಯಲ್ಲಿ ಹಾಡಬೇಕು ಅನ್ನೋದು ತೀರ್ಮಾನ ಆಗಿರಲಿಲ್ಲ. ಅನಂತಸ್ವಾಮಿಯವರ ಧಾಟಿ ಒಂದು, ಸಿ. ಅಶ್ವತ್ಥ್ (1939-2009) ಅವರ ಧಾಟಿ ಇನ್ನೊಂದು. ಇಬ್ಬರಿಗೂ ಅಭಿಮಾನಿಗಳಿದ್ದರು. ಸಮಿತಿಗಳ ಮೇಲೆ ಸಮಿತಿಗಳಾದವು. ಕೊನೆಗೆ ಗಾಯಕಿ ಎಚ್.ಆರ್. ಲೀಲಾವತಿಯವರ ಸಮಿತಿಯ ಸಲಹೆಯಂತೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆದೇಶ ಮಾಡಿತು. ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ ಇಲ್ಲದೆ, ಸಾಲುಗಳನ್ನು ಮತ್ತೆ ಮತ್ತೆ ಹಾಡದೆ, 2 ನಿಮಿಷ 30 ಸೆಕೆಂಡಿನಲ್ಲಿ ಪೂರ್ತಿ ನಾಡಗೀತೆ ಮುಗಿಯಬೇಕು. ಆಮೇಲೂ ಈ ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಒಂದು ಪದ್ಯದ ಧಾಟಿಗೆ ಜನ ಇಷ್ಟು ಮನಸ್ಸು ಕೊಡ್ತಾರಲ್ಲಾ ಅಂತ ನನಗೆ ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು. ಅಶ್ವತ್ಥರ ಧಾಟಿಯನ್ನು ಮೆಚ್ಚುವವರನ್ನು ನಾನು ತಪ್ಪು ಅನ್ನಲ್ಲ. ಅದೂ ಚೆನ್ನಾಗಿಯೇ ಇದೆ.

ಇದನ್ನೆಲ್ಲಾ ನೋಡಲು ಅನಂತಸ್ವಾಮಿಯವರು ಇರಲಿಲ್ಲ. 1995ರ ಜನವರಿ 9ರಂದು, 58ನೇ ವಯಸ್ಸಿನಲ್ಲೇ ಅವರು ಕೀರ್ತಿಶೇಷರಾದರು. ತಂದೆಯ ದಾರಿಯಲ್ಲೇ ಹಾಡುತ್ತಿದ್ದ ಮಗ ರಾಜು ಅನಂತಸ್ವಾಮಿ ಕೂಡ 2009ರ ಜನವರಿಯಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಬರೆಯುವಾಗ ನನಗೆ ಇದೇ ಬಹಳ ಬೇಜಾರಾಯಿತು. ತಾವು ಕಟ್ಟಿದ ಧಾಟಿ ರಾಜ್ಯದ ಶಾಲೆಗಳಿಗೆಲ್ಲಾ ಗೊತ್ತುಮಾಡಿದ ಧಾಟಿ ಆಯಿತು ಅಂತ ಅಪ್ಪನಿಗೂ ತಿಳಿಯಲಿಲ್ಲ, ಮಗನಿಗೂ ತಿಳಿಯಲಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ಎಲ್ಲಿ ರಾಜ್ಯೋತ್ಸವಕ್ಕೆ ಹೋದರೂ ಮೈಕಿನಲ್ಲಿ ರಚನೆ ಕುವೆಂಪು ಅಂತ ಹೇಳಿ ಹಾಡು ಶುರು ಮಾಡಿಬಿಡ್ತಾರೆ. ರಾಗ ಸಂಯೋಜನೆ ಯಾರದು ಅಂತ ನಾನು ಒಂದು ಸಲವೂ ಕೇಳಿಲ್ಲ. ನಮ್ಮ ಪ್ರಾರ್ಥನೆಯಲ್ಲೂ ಹೇಳಲ್ಲ. ಹೇಳೋದಕ್ಕೆ ಐದು ಸೆಕೆಂಡು ಸಾಕು. ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಸೋಮವಾರದಿಂದ ನಾಡಗೀತೆಗೆ ಮೊದಲು ಎರಡು ಹೆಸರನ್ನೂ ಹೇಳಿಸಬೇಕು. ಮಿತ್ರರೇ, ಹಾಡುವಾಗ ನಡುವೆ ಅವಸರ ಮಾಡಬೇಡಿ, ಪದ ನುಂಗಬೇಡಿ. ಎರಡೂವರೆ ನಿಮಿಷ ತಾನೇ!

ಜೈ ಕರ್ನಾಟಕ.