ಅಳೆದು ನೋಡಿದ ಲೋಸೆವ್

ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಪದವಿ ಇಲ್ಲವೆಂದು ಎರಡು ಕಡೆ ವಾಪಸ್ ಕಳಿಸಿದರು. ಆ ಬೇಸರದಲ್ಲೇ ಒಂದು ದಿನ ಹಳೇ ಟಾರ್ಚಿನ ಎಲ್‌ಇಡಿ ಡ್ರೈವರ್ ಬೋರ್ಡಿನ ರೆಸಿಸ್ಟರ್ ಬದಲಿಸಿ, ಅದಕ್ಕೆ ಲೇಸರ್ ಡಯೋಡ್ ಜೋಡಿಸಿದೆ. ಸ್ವಿಚ್ ಹಾಕಿದೊಡನೆ ಕರೆಂಟ್ ಒಮ್ಮೆಲೇ ಏರಿತು. ಎಲ್‌ಇಡಿ ತಡೆದುಕೊಳ್ಳುವ ಆ ಏರಿಕೆಗೆ ಲೇಸರ್ ಸುಟ್ಟುಹೋಯಿತು. ತಪ್ಪೆಲ್ಲಿ ಎಂದು ಓದುತ್ತಾ ಹೋದಾಗ ಪರಿಚಯವಾದವರು ಒಲೆಗ್ ಲೋಸೆವ್.

1903ರಲ್ಲಿ ರಷ್ಯಾದ ತ್ವೇರ್‌ನಲ್ಲಿ ಹುಟ್ಟಿದ ಲೋಸೆವ್ ರೇಡಿಯೊ ಪ್ರಯೋಗಾಲಯ ಸೇರಿದ್ದು ಜವಾನನಾಗಿ. ಕಾರ್ಬೊರಂಡಮ್ ಹರಳಿಗೆ ಕರೆಂಟ್ ಹರಿಸಿದರೆ ಬೆಳಕು ಬರುವುದನ್ನು ಅವರಿಗಿಂತ ಮೊದಲೇ ಕಂಡವರಿದ್ದರು. ಆದರೆ ಎಷ್ಟು ಕರೆಂಟಿಗೆ ಬೆಳಕು ಶುರುವಾಗುತ್ತದೆಂದು ಪಟ್ಟುಹಿಡಿದು ಅಳೆದವರು ಲೋಸೆವ್. ಬೇಗ ಆರುವ ದ್ರವದ ಹನಿಯನ್ನು ಹರಳಿನ ಮೇಲಿಟ್ಟು, ಇದು ಬಿಸಿಯಿಂದ ಬಂದ ಬೆಳಕಲ್ಲ ಎಂದು ತೋರಿಸಿದರು. 1927ರಲ್ಲಿ ಲೇಖನ ಪ್ರಕಟಿಸಿದರು. 1938ರಲ್ಲಿ ಪ್ರಬಂಧ ಮಂಡಿಸದೆಯೇ ಅವರಿಗೆ ಸಂಶೋಧನಾ ಪದವಿ ಸಿಕ್ಕಿತು. 1942ರಲ್ಲಿ, ಮುತ್ತಿಗೆಗೆ ಸಿಕ್ಕ ಲೆನಿನ್‌ಗ್ರಾಡ್‌ನಲ್ಲಿ ಹಸಿವಿನಿಂದ ತೀರಿಕೊಂಡಾಗ ಅವರಿಗೆ 38 ವರ್ಷ. ಮೊದಲ ಲೇಸರ್ ಡಯೋಡ್ ಬೆಳಗಿದ್ದು 20 ವರ್ಷಗಳ ನಂತರ.

ಈಗ ನಾನು ಮೊದಲು ಸಾದಾ ಡಯೋಡ್‌ಗಳನ್ನು ಜೋಡಿಸಿ ಕರೆಂಟ್ ಅಳೆಯುತ್ತೇನೆ. ಲೇಸರ್‌ನ ಸರದಿ ಆಮೇಲೆ. ನಾಳೆ ಇನ್ನೊಂದು ಸಂದರ್ಶನವಿದೆ, ಬೋರ್ಡನ್ನೂ ಒಯ್ಯುತ್ತಿದ್ದೇನೆ.