ದಾಕು ಹಾಕಿಸಿದ ‘ದೊಡ್ಡ ಸ್ವಾಮಿಯೋರು’

ಮಾಕಳಿದುರ್ಗ: ಬೆಟ್ಟದ ಮೇಲಿನ ಕೋಟೆ ನೋಡೋಕೆ ಇವತ್ತು ಚಾರಣಕ್ಕೆ ಬರೋರೇ ಹೆಚ್ಚು. ಇನ್ನೂರು ವರ್ಷದ ಹಿಂದೆ ಈ ಸೀಮೆಯ ಬಡವರಿಗೆ ಕೋಟೆ ಅಂದರೆ ಯುದ್ಧ, ಯುದ್ಧ ಅಂದರೆ ಹಸಿವು. 1791ರಲ್ಲಿ ಪಕ್ಕದ ದೇವನಹಳ್ಳಿ, ನಂದಿದುರ್ಗ ಇಂಗ್ಲಿಷರ ಕೈ ಸೇರಿದವು. 1799ರ ಮೇ 4ರಂದು ಶ್ರೀರಂಗಪಟ್ಟಣವೂ ಬಿತ್ತು. ದಂಡು ಹಾದುಹೋದ ಕಡೆ ಬೆಳೆಯೂ ಇಲ್ಲ, ದನವೂ ಇಲ್ಲ. ಅದರ ಮೇಲೆ ಸಿಡುಬು. ಊರೂರಲ್ಲೂ ಮಾರಮ್ಮನ ಗುಡಿ ಯಾಕಿದೆ ಅಂತ ಹಳೇ ತಲೆಗಳನ್ನು ಕೇಳಿದರೆ ಹೇಳ್ತಾರೆ.

ಅಂಥ ಹೊತ್ತಲ್ಲಿ ಮೈಸೂರು ಸೀಮೆಗೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಫ್ರಾನ್ಸಿನ ಸೇಂಟ್ ರೆಮೆಜ್ ಎಂಬ ಹಳ್ಳಿಯವರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತದ ಹಡಗು ಹತ್ತಿದರು. ಅವರ ದೇಶದಲ್ಲಿ ಆಗ ಕ್ರಾಂತಿಯ ಗಲಾಟೆ, ಪಾದ್ರಿಗಳ ತಲೆಗೇ ಸಂಚಕಾರ.

ಟಿಪ್ಪು ಕಾಲದಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸೋದು ಅವರಿಗೆ ಒಪ್ಪಿಸಿದ ಕೆಲಸ. ಬಂದು ನೋಡಿದರೆ ಜನಕ್ಕೆ ಪ್ರಾರ್ಥನೆಗಿಂತ ಮೊದಲು ಬೇಕಾಗಿದ್ದು ಹೊಟ್ಟೆಗೆ ಹಿಟ್ಟು. ದಿಕ್ಕಿಲ್ಲದ ಕುಟುಂಬಗಳನ್ನು ಸೇರಿಸಿ ಬೇಸಾಯದ ಹಳ್ಳಿಗಳನ್ನೇ ಕಟ್ಟಿದರು. ಹಾಸನದ ಹತ್ತಿರದ ಸಾತಳ್ಳಿ ಅದರಲ್ಲಿ ಹೆಸರಾದದ್ದು. ದಾನ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ, ನೇಗಿಲು ಹಿಡಿಸಿದರು. ಅವರ ದೊಡ್ಡ ಕೆಲಸ ಇದೇ ಅನ್ನಬೇಕು.

ಇನ್ನೊಂದು ಸಿಡುಬಿನ ದಾಕು. ಜೆನ್ನರ್ ಕಂಡುಹಿಡಿದ ಈ ಲಸಿಕೆ ಭಾರತಕ್ಕೆ ಬಂದದ್ದೇ 1802ರಲ್ಲಿ. ಹಸುವಿನ ಕೀವನ್ನು ಮಕ್ಕಳ ತೋಳಿಗೆ ಚುಚ್ಚೋದು ಅಂದರೆ ಯಾವ ತಾಯಿ ಒಪ್ತಾಳೆ? ಅಮ್ಮನಿಗೆ ಸಿಟ್ಟು ಬಂದೀತು ಅನ್ನೋ ಭಯ ಬೇರೆ. ದುಬಾಯ್ ದೇಶೀ ಉಡುಪು ತೊಟ್ಟು, ಇಲ್ಲಿನ ನಡೆನುಡಿ ಕಲಿತು ಜನರ ನಡುವೆಯೇ ಬದುಕಿದವರು. 1803-04ರ ಲೆಕ್ಕದಲ್ಲಿ ಅವರ ಕಡೆಯಿಂದ ದಾಕು ಹಾಕಿಸಿಕೊಂಡವರು 25,432 ಮಂದಿ! ಹಳ್ಳಿಯವರ ಬಾಯಲ್ಲಿ ಅವರು ದೊಡ್ಡ ಸ್ವಾಮಿಯೋರಾದರು.

ಹೊರಗಿನ ಲೋಕಕ್ಕೆ ಗೊತ್ತಿರೋದು ಮಾತ್ರ ಅವರ ಪುಸ್ತಕ. ಹಿಂದೂಗಳ ಆಚಾರ ವಿಚಾರ ಕುರಿತ ಆ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ಪಗೋಡ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಬಹುಪಾಲು ಕೂರ್ದು ಎಂಬ ಹಿಂದಿನ ಪಾದ್ರಿಯೊಬ್ಬರ ಬರಹದಿಂದ ತೆಗೆದದ್ದು ಅಂತ ಆಮೇಲೆ ವಿದ್ವಾಂಸರು ತೋರಿಸಿದರು. ನಮ್ಮ ಜನರ ಬಗ್ಗೆ ಅಲ್ಲಿ ಕಟುವಾದ ಮಾತುಗಳೂ ಇವೆ. ಅದನ್ನು ಮುಚ್ಚಿಡಬೇಕಿಲ್ಲ.

ಮೂವತ್ತು ವರ್ಷ ದುಡಿದ ಮೇಲೆ ಅವರಿಗೇ ಸೋಲಿನ ಭಾವ ಬಂತು. ಈ ದೇಶದಲ್ಲಿ ಮತಾಂತರ ಆಗದ ಮಾತು ಅಂತ ಬಹಿರಂಗವಾಗಿಯೇ ಬರೆದರು. ಮಿಷನರಿಗಳಿಗೆ ಕೋಪ ಬಂತು. ನಂಬಿಕೆ ಹರಡೋದರಲ್ಲಿ ಸೋತೆ ಅಂದುಕೊಂಡ ಆ ಮನುಷ್ಯ ಹೊಲ, ಮನೆ, ದಾಕಿನ ಕೆಲಸ ಮಾತ್ರ ಬಿಟ್ಟವರಲ್ಲ.

1823ರ ಜನವರಿಯಲ್ಲಿ ಊರಿಗೆ ಹೊರಟರು. ಪ್ಯಾರಿಸ್ಸಿನಲ್ಲಿ ತಮ್ಮ ಮಿಷನ್ ಸಂಸ್ಥೆಯ ಮುಖ್ಯಸ್ಥರಾದರು, ಪಂಚತಂತ್ರವನ್ನು ಫ್ರೆಂಚಿಗೆ ತಂದರು. 1848ರಲ್ಲಿ ತೀರಿಕೊಂಡರು. ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಹಳೇ ಚರ್ಚನ್ನು ಜನ ಇವತ್ತಿಗೂ ಅವರ ಹೆಸರಲ್ಲೇ ಕರೀತಾರೆ.