ತುಘಲಕನ ತಾಮ್ರದ ಬಿಲ್ಲೆ

ನಮ್ಮ ಬಳಗ ಈ ಸಲ ಗಿರೀಶ ಕಾರ್ನಾಡರ ‘ತುಘಲಕ್’ (1964) ಆಡಲಿದೆ. ಪಾತ್ರಕ್ಕೆ ಓದಿಸಿ ನೋಡಿದ ದಿನ ಬಂದವರೆಲ್ಲ ಕಣ್ಣು ಕೆಂಪಗೆ ಮಾಡಿ ಕೂಗಿದರು. ಹುಚ್ಚು ಸುಲ್ತಾನ ಅಂದಮೇಲೆ ಇನ್ನೇನು! ನಾನೋ ಕಾಮರ್ಸಿನವನು, ಲೆಕ್ಕದ ಕಡೆಯಿಂದ ಅವನನ್ನು ಹುಡುಕಿಕೊಂಡು ಹೋದೆ.

ಮಹಮ್ಮದ ಬಿನ್ ತುಘಲಕ ದಿಲ್ಲಿಯ ಗದ್ದುಗೆ ಏರಿದ್ದು 1325ರಲ್ಲಿ. ತಂದೆ ಮರದ ಮಂಟಪ ಕುಸಿದು ಸತ್ತಿದ್ದ. ಮಗನ ಮೇಲೆ ಗುಮಾನಿ ಅಂದೇ ಹುಟ್ಟಿತು. ತರ್ಕ, ಗಣಿತ, ವೈದ್ಯ ಎಲ್ಲಾ ಬಲ್ಲವನು. ರಾಜಧಾನಿಯನ್ನು ದೇವಗಿರಿಗೆ ಒಯ್ದ ಕತೆ ಎಲ್ಲರಿಗೂ ಗೊತ್ತು, ಬಿಡಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ನಾಣ್ಯ.

1329-30ರ ಸುಮಾರಿಗೆ ತಾಮ್ರ, ಹಿತ್ತಾಳೆಯ ಬಿಲ್ಲೆಗೆ ಬೆಳ್ಳಿ ಟಂಕದ ಬೆಲೆ ಕಟ್ಟಿದ. ನಮ್ಮ ಕಿಸೆಯ ನೋಟೂ ಅದೇ ತಾನೆ? ಆದರೆ ಖೋಟಾ ತಡೆಯುವ ಏರ್ಪಾಡು ಇರಲಿಲ್ಲ. ಮನೆಮನೆಯೂ ಟಂಕಸಾಲೆಯಾಯಿತು. ಕಂದಾಯ ತಾಮ್ರದಲ್ಲಿ ಬಂತು, ಬೆಳ್ಳಿ ಮಣ್ಣೊಳಗೆ ಹೋಯಿತು. ಕೊನೆಗೆ ಬಿಲ್ಲೆಗಳನ್ನು ವಾಪಸು ತರಿಸಿ ಬೊಕ್ಕಸದಿಂದ ಬೆಳ್ಳಿ-ಬಂಗಾರ ಎಣಿಸಿ ಕೊಟ್ಟ. ತುಘಲಕಾಬಾದಿನಲ್ಲಿ ತಾಮ್ರದ ಗುಡ್ಡೆಯೇ ಬಿತ್ತು. ಕೊಟ್ಟ ಮಾತಿಗೆ ಇಷ್ಟು ದಂಡ ತೆತ್ತವನನ್ನು ಕಿರುಚಿ ಆಡುವುದು ಹ್ಯಾಗೆ? ನನ್ನ ಸರದಿ ಬಂದಾಗ ಮೆಲ್ಲಗೆ, ಬಾಕಿ ತೀರಿಸುವವನ ಹಾಗೆ ಓದಿದೆ. ನಿರ್ದೇಶಕರು ಏನೂ ಹೇಳದೆ ಇನ್ನೊಮ್ಮೆ ಓದು ಅಂದರು.

ಆದರೆ ಇದೇ ಮನುಷ್ಯ, ದಂಗೆಯೆದ್ದ ಸ್ವಂತ ಸಂಬಂಧಿ, ನಮ್ಮ ಸಗರದ ಜಹಗೀರುದಾರ ಗುರ್ಶಾಸ್ಪನ ಚರ್ಮ ಸುಲಿಸಿದವನು. ಎರಡೂ ಒಂದೇ ಗಂಟಲಿನಿಂದ ಬರಬೇಕು, ಕಷ್ಟ ಅಲ್ಲಿದೆ. ಆಮೇಲೆ ದಂಗೆಯ ಮೇಲೆ ದಂಗೆ. 1336ರಲ್ಲಿ ವಿಜಯನಗರ, 1347ರಲ್ಲಿ ಬಹಮನಿ ರಾಜ್ಯ ಎದ್ದವು. ಮತ್ತೊಬ್ಬ ದಂಗೆಕೋರನ ಬೆನ್ನು ಹತ್ತಿ ಸಿಂಧಿನ ಠಟ್ಟಾದವರೆಗೂ ಹೋದ. 1351ರಲ್ಲಿ, ಸಿಂಧೂ ನದಿಯ ದಂಡೆಯ ಬೀಡಿನಲ್ಲಿ, ಜ್ವರ ಬಂದು ತೀರಿಕೊಂಡ.